ಹದಿನೆಂಟು ವ್ಯಾಟ್ ಸಾಕು

(ಗಂಡಸಿಯಲ್ಲಿ ಊರಿನ ಹಿರಿಯರು ಮತ್ತು ವಿದ್ಯಾರ್ಥಿಗಳ ಸಮ್ಮುಖದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಕೆರೆ, ಗೋಮಾಳ, ಗುಡ್ಡಗಳ ಬಗ್ಗೆ ಮಾತು ನಡೆಯುವ ಈ ವೇದಿಕೆಯಲ್ಲಿ ಮನೆಯಲ್ಲೇ ಕಟ್ಟಿದ ಆಂಪ್ಲಿಫೈಯರಿನ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಇದು ವಿಷಯಾಂತರವೆಂದು ಕೆಲವರಿಗೆ ತೋರಬಹುದು. ಆದರೆ ಸ್ವಲ್ಪ ಯೋಚಿಸಿ. ನಮ್ಮ ಕೆಲಸವೆಲ್ಲ ನಡೆಯುವುದು ಮಾತಿನ ಮೂಲಕ. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಗೆ ಕಾನೂನಿನ ಸ್ಥಾನವನ್ನು ಕೊಟ್ಟಿದೆ. ಪರಿಸರದ ಮೇಲೆ ಪರಿಣಾಮ ಬೀರುವ ಅನೇಕ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕೆಂದೂ ಅದರ ನಡಾವಳಿಯನ್ನು ವಿಡಿಯೊ ಚಿತ್ರೀಕರಿಸಬೇಕೆಂದೂ 2006ರ ಕೇಂದ್ರ ಅಧಿಸೂಚನೆ ಹೇಳುತ್ತದೆ. ಅಂಥ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು "ಈ ಬೆಟ್ಟ ನಮ್ಮದು" ಎಂದಾಗ ಹಿಂದಿನ ಸಾಲಿಗೆ ಅದು "ಈ ಬೆತ್ತ" ಎಂದು ಕೇಳಿಸಿದರೆ, ಅಥವಾ ಏನೂ ಕೇಳಿಸದೆ ಬರೀ ಗೊರಗೊರ ಸದ್ದಾಗಿ ಹೋದರೆ, ಆಕೆಯ ಮಾತು ದಾಖಲೆಗೂ ಸೇರುವುದಿಲ್ಲ, ಜನರ ಮನಸ್ಸಿಗೂ ಸೇರುವುದಿಲ್ಲ. ಮಾತು ಕಳೆದುಹೋಗುವುದು ಅನೇಕ ಸಲ ವಿರೋಧಿಗಳಿಂದಲ್ಲ, ಕೆಟ್ಟ ಮೈಕ್‌ಸೆಟ್ಟಿನಿಂದ.

ಇದರ ಇನ್ನೊಂದು ಮುಖವೂ ನಿಮಗೆ ಗೊತ್ತು. ಮದುವೆ, ಜಾತ್ರೆ, ಮೆರವಣಿಗೆ ಯಾವುದೇ ಇರಲಿ, ಬಾಡಿಗೆಗೆ ಬರುವ ಸೌಂಡ್ ಸಿಸ್ಟಮ್ ಸಾವಿರಾರು ವ್ಯಾಟಿನದು. ಜೊತೆಗೆ ಒಂದು ಜನರೇಟರ್. ಊರಿನ ಹಸುಳೆಗಳೂ ದನಕರುಗಳೂ ಪರೀಕ್ಷೆಗೆ ಓದುವ ಮಕ್ಕಳೂ ರಾತ್ರಿಯಿಡೀ ಎಚ್ಚರವಿರಬೇಕು. ಕೇಳಿಸಬೇಕಾದದ್ದು ಕೇಳಿಸದಿರುವುದು ಒಂದು ಕಷ್ಟ. ಬೇಡವಾದದ್ದು ಕಿವಿಗೆ ಅಪ್ಪಳಿಸುವುದು ಇನ್ನೊಂದು ಕಷ್ಟ. ಎರಡರ ಮೂಲವೂ ಒಂದೇ ತಪ್ಪು ತಿಳಿವಳಿಕೆ. ಧ್ವನಿವರ್ಧಕದ ಗುಣ ಅದರ ವ್ಯಾಟಿನಲ್ಲಿದೆ ಎಂದು ನಾವು ನಂಬಿದ್ದೇವೆ. ಈ ನಂಬಿಕೆಯನ್ನು ಲೆಕ್ಕದಿಂದಲೂ, ಕೈಯಾರೆ ಕಟ್ಟುವ ಕೆಲಸದಿಂದಲೂ ಪರೀಕ್ಷಿಸಿ ನೋಡೋಣವೆಂಬುದೇ ನನ್ನ ಮಾತಿನ ಉದ್ದೇಶ. ಈಗ ನಿಮಗೆ ನನ್ನ ದನಿಯನ್ನು ಮುಟ್ಟಿಸುತ್ತಿರುವುದು ಈ ಮೇಜಿನ ಮೇಲಿರುವ ತಗಡಿನ ಪೆಟ್ಟಿಗೆ. ಅದರ ಗರಿಷ್ಠ ಶಕ್ತಿ ಹದಿನೆಂಟು ವ್ಯಾಟ್.

ಎಷ್ಟು ಶಕ್ತಿ ಬೇಕು?

ಮೊದಲು ಲೆಕ್ಕ. ಶಬ್ದವನ್ನು ಅಳೆಯುವ ಮಾನ ಡೆಸಿಬಲ್. ಇಬ್ಬರು ಎದುರುಬದುರು ಕುಳಿತು ಸಹಜವಾಗಿ ಮಾತನಾಡಿದರೆ ಒಂದು ಮೀಟರ್ ದೂರದಲ್ಲಿ ಅದು ಸುಮಾರು 60 ಡೆಸಿಬಲ್. ಈ ಮಾನದ ಒಂದು ವಿಶೇಷವನ್ನು ಗಮನಿಸಬೇಕು. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿ ಮಾಡಿದರೆ ಶಬ್ದ ಹೆಚ್ಚುವುದು ಕೇವಲ 3 ಡೆಸಿಬಲ್. ಕಿವಿಗೆ "ಎರಡರಷ್ಟಾಯಿತು" ಎನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಹೆಚ್ಚಬೇಕು. ಅದಕ್ಕೆ ಶಕ್ತಿ ಹತ್ತು ಪಟ್ಟಾಗಬೇಕು. ಇಪ್ಪತ್ತು ವ್ಯಾಟಿನ ಸೆಟ್ಟನ್ನು ಬಿಟ್ಟು ನಲವತ್ತು ವ್ಯಾಟಿನದನ್ನು ತಂದವನು ದುಡ್ಡು ಹೆಚ್ಚು ಕೊಟ್ಟಿರುತ್ತಾನೆ, ಆದರೆ ಅವನ ಕಿವಿಗೆ ಆದ ಲಾಭ ಅತ್ಯಲ್ಪ.

ಇನ್ನು ಸ್ಪೀಕರ್. ಒಳ್ಳೆಯ ಸಾಧಾರಣ ಸ್ಪೀಕರ್ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸುಮಾರು 90 ಡೆಸಿಬಲ್ ಶಬ್ದ ಮಾಡುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ 6 ಡೆಸಿಬಲ್ ಇಳಿಯುತ್ತದೆ. ಎರಡು ಮೀಟರಿಗೆ 84, ನಾಲ್ಕಕ್ಕೆ 78, ಎಂಟಕ್ಕೆ 72, ಹದಿನಾರು ಮೀಟರಿಗೆ 66. ಹದಿನಾರು ಮೀಟರ್ ಎಂದರೆ ಶಾಲೆಯ ಅಂಗಳದಲ್ಲಿ ಹಾಸಿದ ಜಮಖಾನದ ಕೊನೆಯ ಸಾಲು. ಅಲ್ಲಿ ಕುಳಿತವರಿಗೂ ಮಾತು ಎದುರಿಗೆ ಕುಳಿತು ಆಡಿದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿಸುತ್ತದೆ, ಅದೂ ಒಂದೇ ಒಂದು ವ್ಯಾಟಿನಲ್ಲಿ!

ಹಾಗಾದರೆ ಹದಿನೆಂಟು ಏಕೆ? ಮಾತು ಒಂದೇ ಮಟ್ಟದಲ್ಲಿ ಹರಿಯುವುದಿಲ್ಲ. ಸರಾಸರಿ ಒಂದು ವ್ಯಾಟ್ ಇದ್ದರೂ "ಕ", "ಪ", "ಟ"ಗಳು ಸಿಡಿಯುವ ಕ್ಷಣದಲ್ಲಿ, ದನಿಯೇರಿಸುವ ಕ್ಷಣದಲ್ಲಿ, ಅದು ಹತ್ತು ಹದಿನಾರು ಪಟ್ಟು ಮೇಲೇರುತ್ತದೆ. ಆ ಶಿಖರಗಳನ್ನು ಕತ್ತರಿಸದೆ ದಾಟಿಸಲು ಇಷ್ಟು ಮೀಸಲು ಬೇಕು. ಅದಕ್ಕಿಂತ ಹೆಚ್ಚು ಬೇಕಾದಲ್ಲಿ ಆಂಪ್ಲಿಫೈಯರನ್ನು ದೊಡ್ಡದು ಮಾಡುವ ಬದಲು ಸ್ಪೀಕರನ್ನು ಬದಲಿಸುವುದು ಜಾಣತನ. ದೇವಸ್ಥಾನದ ಮೇಲಿರುವ ಹಾರ್ನ್ ಸ್ಪೀಕರ್ ಒಂದು ವ್ಯಾಟಿಗೆ 105 ಡೆಸಿಬಲ್‌ನಷ್ಟು ಕೊಡಬಲ್ಲದು. ಸಂಗೀತದ ತಗ್ಗಿನ ಸ್ವರಗಳು ಅದರಲ್ಲಿ ಬಾರವು, ಆದರೆ ಮಾತಿಗೆ ಅದು ಸಾಕು. ಸಾಧಾರಣ ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲೂ ಶಬ್ದವಾಗುವುದಿಲ್ಲ, ಉಳಿದದ್ದೆಲ್ಲ ಶಾಖ. ಶಕ್ತಿಯ ಉಳಿತಾಯವೆಂಬುದು ಇಲ್ಲಿಂದ ಆರಂಭವಾಗಬೇಕು.

ಕಾನೂನೂ ಇದೇ ಅಂಕಿಯ ಸಮೀಪಕ್ಕೆ ಬಂದು ನಿಲ್ಲುವುದು ಕುತೂಹಲಕರ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಶಬ್ದ ಹಗಲು 55, ರಾತ್ರಿ 45 ಡೆಸಿಬಲ್ ದಾಟಬಾರದು. ಧ್ವನಿವರ್ಧಕ ಬಳಸುವ ಸಾರ್ವಜನಿಕ ಸ್ಥಳದ ಅಂಚಿನಲ್ಲಿ ಶಬ್ದವು ಈ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಂದರೆ ಹಗಲಿನಲ್ಲಿ 65. ನಮ್ಮ ಕೊನೆಯ ಸಾಲಿನ ಲೆಕ್ಕ 66 ಬಂದಿತ್ತು. ಅಲ್ಲಿಂದ ಎರಡು ಹೆಜ್ಜೆ ಹಿಂದೆ ಸರಿದರೆ 65. ಸಭೆಗೆ ಎಷ್ಟು ಬೇಕೋ ಸರಿಸುಮಾರು ಅಷ್ಟನ್ನೇ ಕಾನೂನು ಬಿಟ್ಟಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ವರ್ಷಕ್ಕೆ ಹದಿನೈದು ದಿನ ಮೀರದಂತೆ ಹಬ್ಬಹರಿದಿನಗಳಲ್ಲಿ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ.

ಮನೆಯಲ್ಲಿ ಕಟ್ಟುವ ಪರಂಪರೆ

ಧ್ವನಿಯನ್ನು ದೂರಕ್ಕೆ ಮುಟ್ಟಿಸುವ ಕೆಲಸವನ್ನು ಮನೆಯಿಂದಲೇ ಆರಂಭಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಆರಂಭಿಸಿದರು. "ಆಕಾಶವಾಣಿ" ಎಂಬ ಹೆಸರು ಅಲ್ಲಿಯದು. ಮುಂದೆ ದೇಶದ ಬಾನುಲಿಗೆಲ್ಲ ಅದೇ ಹೆಸರಾಯಿತು.

ಆ ಕಾಲದ ಯಂತ್ರಗಳಲ್ಲಿ ಇದ್ದದ್ದು ವಾಲ್ವ್‌ಗಳು. ಗಾಜಿನ ಬುರುಡೆಯೊಳಗಿನ ನಿರ್ವಾತದಲ್ಲಿ ಇಲೆಕ್ಟ್ರಾನುಗಳು ಹರಿಯುತ್ತಿದ್ದವು. ಅದಕ್ಕೆ ನೂರಾರು ವೋಲ್ಟ್ ಬೇಕಿತ್ತು; ಕೈ ತಗುಲಿದರೆ ಜೀವಕ್ಕೇ ಅಪಾಯ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ನಿರ್ವಾತದ ಬದಲು ಗಟ್ಟಿಯಾದ ಹರಳಿನೊಳಗೇ ವಿದ್ಯುತ್ತನ್ನು ಹಿಡಿತದಲ್ಲಿಡುವುದು ಅದರ ತತ್ತ್ವವಾದ್ದರಿಂದ ಇಂಥ ಯಂತ್ರಗಳಿಗೆ "ಘನಸ್ಥಿತಿ" ಎಂಬ ಹೆಸರು ಬಂತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಲ್ಲಿಯೇ ಅರೆವಾಹಕ ಸಾಧನಗಳನ್ನು ತಯಾರಿಸತೊಡಗಿತು. ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡ್, ಬಿಡಿಭಾಗಗಳ ಪೇಟೆಯಾಗಿ ಬೆಳೆಯಿತು. 1969ರಿಂದ ಹೊರಬರುತ್ತಿರುವ "ಎಲೆಕ್ಟ್ರಾನಿಕ್ಸ್ ಫಾರ್ ಯು" ಪತ್ರಿಕೆಯ ನಕ್ಷೆಗಳನ್ನು ನೋಡಿ ಆಂಪ್ಲಿಫೈಯರ್ ಕಟ್ಟಿದವರು ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಊರೂರಿನ ರೇಡಿಯೊ ರಿಪೇರಿ ಅಂಗಡಿಗಳೇ ಅವರ ಪಾಠಶಾಲೆಗಳಾಗಿದ್ದವು. ಅಂಥ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿರುವುದರಿಂದಲೇ ಈ ವಿದ್ಯೆಯನ್ನು ಶಾಲೆ ಕಾಲೇಜುಗಳಲ್ಲಿ ಉಳಿಸಿಕೊಳ್ಳಬೇಕಾಗಿದೆ.

ಪೆಟ್ಟಿಗೆಯೊಳಗೆ ಏನಿದೆ?

ವಿದ್ಯಾರ್ಥಿಗಳೇ, ಈಗ ಪೆಟ್ಟಿಗೆಯೊಳಗೆ ಇಣುಕೋಣ. ಇದರಲ್ಲಿ ಒಂದು ವಿದ್ಯುತ್ ಸರಬರಾಜು ಭಾಗವೂ ಮೂರು ಹಂತಗಳ ವರ್ಧಕವೂ ಇವೆ.

ಸರಬರಾಜಿಗೆ 16-0-16 ವೋಲ್ಟಿನ, 3 ಆಂಪಿಯರಿನ ಟ್ರಾನ್ಸ್‌ಫಾರ್ಮರ್. ನಾಲ್ಕು ಡಯೋಡುಗಳ ಬ್ರಿಡ್ಜ್, ಒಂದೊಂದು ಕಡೆಗೆ 4,700 ಮೈಕ್ರೊಫ್ಯಾರಡ್ ಕೆಪಾಸಿಟರ್. ಇದರಿಂದ ಧನ ಬದಿಗೊಂದು ಋಣ ಬದಿಗೊಂದು ಸುಮಾರು 21 ವೋಲ್ಟ್ ಸಿಗುತ್ತದೆ. ಪೂರ್ತಿ ಕೆಲಸದಲ್ಲಿ ಅದು 20ಕ್ಕೆ ಇಳಿಯುತ್ತದೆ. ಅದರಲ್ಲಿ ಸುಮಾರು 17 ವೋಲ್ಟಿನ ಶಿಖರ ಸ್ಪೀಕರಿಗೆ ಮುಟ್ಟುತ್ತದೆ. 17ರ ವರ್ಗವನ್ನು 8 ಓಮಿನ ಇಮ್ಮಡಿಯಿಂದ ಭಾಗಿಸಿ, ಹದಿನೆಂಟು ವ್ಯಾಟ್ ಬರುತ್ತದೆ.

ನಮ್ಮ ಹಳ್ಳಿಗಳ ಕರೆಂಟಿಗೆ ತಕ್ಕಂತೆ ಇಲ್ಲಿ ಎರಡು ಮಾತು ಸೇರಿಸಬೇಕು. ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ 180ಕ್ಕೆ ಇಳಿದರೆ ಈ ಪೆಟ್ಟಿಗೆಯ ಶಕ್ತಿ ಹದಿನೆಂಟರಿಂದ ಸುಮಾರು ಹತ್ತು ವ್ಯಾಟಿಗೆ ಬರುತ್ತದೆ. ಗಾಬರಿಯಾಗಬೇಕಿಲ್ಲ, ಅದು ಮೂರು ಡೆಸಿಬಲ್‌ಗಿಂತ ಕಡಿಮೆ ನಷ್ಟ, ಸಭಿಕರಿಗೆ ಗೊತ್ತಾಗುವುದೂ ಕಷ್ಟ. ಆದರೆ ಪಂಪುಗಳು ನಿಂತು ವೋಲ್ಟೇಜ್ 260ಕ್ಕೆ ಏರಿದರೆ 21 ವೋಲ್ಟ್ ಇರಬೇಕಾದಲ್ಲಿ ಸುಮಾರು 24 ಆಗುತ್ತದೆ. ಆದ್ದರಿಂದ ಪೇಟೆಯ ನಕ್ಷೆಯಲ್ಲಿ 25 ವೋಲ್ಟಿನ ಕೆಪಾಸಿಟರ್ ಎಂದಿದ್ದರೂ ನಾವು 35 ವೋಲ್ಟಿನದನ್ನೇ ಹಾಕಬೇಕು. ಸಣ್ಣ ಟ್ರಾನ್ಸಿಸ್ಟರುಗಳಲ್ಲಿಯೂ 45 ವೋಲ್ಟ್ ತಾಳುವ ಬಿಸಿ547ರ ಬದಲು 65 ವೋಲ್ಟ್ ತಾಳುವ ಬಿಸಿ546, ಅದರ ಜೊತೆಯ ಬಿಸಿ556 ಬಳಸಬೇಕು. ಬೆಲೆಯ ವ್ಯತ್ಯಾಸ ಚಿಲ್ಲರೆ. ಆಯುಷ್ಯದ ವ್ಯತ್ಯಾಸ ದೊಡ್ಡದು.

ವರ್ಧಕದ ಮೊದಲ ಹಂತ ಎರಡು ಸಣ್ಣ ಟ್ರಾನ್ಸಿಸ್ಟರುಗಳ ಜೋಡಿ. ಇದನ್ನು ತಕ್ಕಡಿಯೆಂದು ಭಾವಿಸಿ. ಒಂದು ತಟ್ಟೆಯಲ್ಲಿ ಮೈಕಿನ ಕಡೆಯಿಂದ ಬಂದ ಸಂಕೇತ. ಇನ್ನೊಂದು ತಟ್ಟೆಯಲ್ಲಿ ಸ್ಪೀಕರಿಗೆ ಹೋಗುತ್ತಿರುವುದರ ಇಪ್ಪತ್ತಮೂರನೆಯ ಒಂದು ಪಾಲು. ಎರಡರ ನಡುವೆ ವ್ಯತ್ಯಾಸವಿದ್ದರೆ ಮಾತ್ರ ತಕ್ಕಡಿ ವಾಲುತ್ತದೆ. ಎರಡನೆಯ ಹಂತ ಆ ವಾಲಿಕೆಯನ್ನು ಬಹುವಾಗಿ ಹಿಗ್ಗಿಸುತ್ತದೆ. ಮೂರನೆಯ ಹಂತದಲ್ಲಿ 2ಎನ್3055 ಮತ್ತು ಎಂಜೆ2955 ಎಂಬ ಎರಡು ದೊಡ್ಡ ಲೋಹದ ಟ್ರಾನ್ಸಿಸ್ಟರುಗಳು, ಅವುಗಳನ್ನು ನಡೆಸುವ ಬಿಡಿ139 ಮತ್ತು ಬಿಡಿ140ರ ಸಹಾಯದಿಂದ, ಸ್ಪೀಕರಿಗೆ ಬೇಕಾದ ಕರೆಂಟನ್ನು ಒದಗಿಸುತ್ತವೆ. ಒಂದು ಅಲೆಯ ಮೇಲರ್ಧವನ್ನು ಎಳೆಯುತ್ತದೆ, ಇನ್ನೊಂದು ಕೆಳಾರ್ಧವನ್ನು.

ಹೊರಬಂದದ್ದನ್ನು ಹಿಂದಕ್ಕೆ ತಂದು ಒಳಬಂದದ್ದರೊಡನೆ ತೂಗಿ ನೋಡುವ ಈ ಕ್ರಮಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಎಂದು ಹೆಸರು. ಹೆರಾಲ್ಡ್ ಬ್ಲ್ಯಾಕ್ ಎಂಬ ಇಂಜಿನಿಯರಿಗೆ 1927ರಲ್ಲಿ ಕೆಲಸಕ್ಕೆ ದೋಣಿಯಲ್ಲಿ ಹೋಗುತ್ತಿದ್ದಾಗ ಹೊಳೆದ ವಿಚಾರ ಇದು. ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಬರೆದಿಟ್ಟರಂತೆ. ನಮ್ಮ ನಕ್ಷೆಯಲ್ಲಿ ಈ ಕೆಲಸವನ್ನು ಮಾಡುವುದು 22 ಕಿಲೋ ಓಮ್ ಮತ್ತು 1 ಕಿಲೋ ಓಮಿನ ಎರಡೇ ರೆಸಿಸ್ಟರುಗಳು. ಅರ್ಧ ವೋಲ್ಟಿನ ಸಂಕೇತಕ್ಕೆ ಪೆಟ್ಟಿಗೆ ತನ್ನ ಪೂರ್ಣ ಶಕ್ತಿಯನ್ನು ಕೊಡುವಂತೆ ಗೊತ್ತುಮಾಡುವುದೂ ಇವೇ.

ತಿದ್ದುವ ಕೆಲಸ

ನಕ್ಷೆ ನೋಡಿ ಬೆಸುಗೆ ಹಾಕುವುದು ಎರಡು ಭಾನುವಾರಗಳ ಕೆಲಸ. ನಿಜವಾದ ವಿದ್ಯೆ ಆಮೇಲೆ ಆರಂಭವಾಗುತ್ತದೆ.

ಮೊದಲ ಸಲ ಕರೆಂಟ್ ಕೊಡುವಾಗ ಮೇನ್ಸ್ ತಂತಿಯ ಸಾಲಿನಲ್ಲಿ 60 ವ್ಯಾಟಿನ ಹಳೆಯ ಟಂಗ್‌ಸ್ಟನ್ ಬಲ್ಬನ್ನು ಸೇರಿಸಿ. ಎಲ್‌ಇಡಿ ಬಲ್ಬ್ ಇದಕ್ಕೆ ಬಾರದು. ಬಲ್ಬ್ ಒಂದು ಕ್ಷಣ ಬೆಳಗಿ ಮಂಕಾದರೆ ಕ್ಷೇಮ. ಬೆಳಗುತ್ತಲೇ ಇದ್ದರೆ ಒಳಗೆಲ್ಲೋ ತಪ್ಪು ಜೋಡಣೆಯಿದೆ. ಬಲ್ಬ್ ಉರಿದದ್ದರಿಂದ ಟ್ರಾನ್ಸಿಸ್ಟರ್ ಉಳಿದಿರುತ್ತದೆ. ಆಮೇಲೆ, ಸ್ಪೀಕರ್ ಜೋಡಿಸುವ ಮೊದಲೇ, ಅದರ ಕಡ್ಡಿಗಳಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟಿಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಆ ಡಿಸಿ ಸ್ಪೀಕರಿನ ಸುರುಳಿಯನ್ನು ಬಿಸಿಮಾಡುತ್ತದೆ. ಪೆಟ್ಟಿಗೆಗೆ ಅರ್ಥ್ ತಂತಿ ಕಡ್ಡಾಯ. ಫ್ಯೂಸ್ ಕಡ್ಡಾಯ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆಂಬುದನ್ನು ಮರೆಯಬೇಡಿ. ಮೇನ್ಸ್ ಭಾಗವನ್ನು ತಿಳಿದವರ ಸಮ್ಮುಖದಲ್ಲಿಯೇ ಜೋಡಿಸಿ.

ಈಗ ದೋಷಗಳ ಸರದಿ. ಮೊದಲನೆಯದು ಸಂಧಿದೋಷ. ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್ ಬಿಟ್ಟು ಕೆಳಾರ್ಧವನ್ನು ಇನ್ನೊಂದು ಹಿಡಿಯುವ ಗಳಿಗೆಯಲ್ಲಿ ಎರಡೂ ಕೈಬಿಟ್ಟರೆ ಧ್ವನಿ ಅಲ್ಲಿ ಹರಿಯುತ್ತದೆ, ಬಟ್ಟೆ ಹರಿದಂತೆ. ಟ್ರಾನ್ಸಿಸ್ಟರ್ ಎಚ್ಚರಗೊಳ್ಳಲು ಸುಮಾರು 0.6 ವೋಲ್ಟ್ ಬೇಕಾಗುವುದೇ ಇದಕ್ಕೆ ಕಾರಣ. ದೊಡ್ಡ ದನಿಯಲ್ಲಿ ಈ ಹರಕು ಮುಚ್ಚಿಹೋಗುತ್ತದೆ. ಮೆಲುದನಿಯಲ್ಲಿ ಎದ್ದು ಕಾಣುತ್ತದೆ. ಮಾತಿನ ಸ್ಪಷ್ಟತೆ ಇರುವುದು ವ್ಯಂಜನಗಳಲ್ಲಿ. "ಬೆಟ್ಟ"ವನ್ನು "ಬೆತ್ತ"ದಿಂದ ಬೇರೆ ಮಾಡುವ ಸದ್ದು ಸ್ವರಗಳಿಗಿಂತ ಬಹಳ ಮೆಲುವಾದದ್ದು. ಸಂಧಿದೋಷ ಮೊದಲು ನುಂಗುವುದು ಅದನ್ನೇ. ಗಟ್ಟಿಯಾಗಿ ಕೂಗುವವನ ಮಾತು ಹೇಗೋ ದಾಟುತ್ತದೆ. ಮೆಲ್ಲಗೆ ಮಾತನಾಡುವ ಅಜ್ಜಿಯ ಮಾತು ಕೆಡುತ್ತದೆ.

ಇದಕ್ಕೆ ಪರಿಹಾರ, ಎರಡೂ ಟ್ರಾನ್ಸಿಸ್ಟರುಗಳನ್ನು ಸದಾ ಅರೆ ಎಚ್ಚರದಲ್ಲಿಡುವುದು. ಧ್ವನಿ ಇಲ್ಲದಿರುವಾಗಲೂ ಸುಮಾರು 40 ಮಿಲಿಆಂಪಿಯರ್ ಹರಿಯುವಂತೆ ಪ್ರಿಸೆಟ್ಟನ್ನು ತಿರುಗಿಸಬೇಕು. 0.22 ಓಮಿನ ರೆಸಿಸ್ಟರಿನ ಎರಡು ತುದಿಗಳ ನಡುವೆ ಮಲ್ಟಿಮೀಟರ್ ಹಿಡಿದಾಗ 9 ಮಿಲಿವೋಲ್ಟ್ ತೋರಿದರೆ ಅಷ್ಟು ಕರೆಂಟ್ ಎಂದು ಅರ್ಥ. ಫೋನಿನಲ್ಲಿ 200 ಹರ್ಟ್ಸಿನ ಶುದ್ಧ ಸ್ವರವನ್ನು ಹಾಕಿ, ಬಹಳ ಮೆಲ್ಲಗೆ ಕೇಳಿ. ಜೇನ್ನೊಣದ ಗುಂಯ್‌ಗುಡುವಿಕೆ ಬೆರೆತಿದ್ದರೆ ದೋಷ ಇನ್ನೂ ಇದೆ. ಪ್ರಿಸೆಟ್ ತಿರುಗಿಸುತ್ತಾ ಹೋದಂತೆ ಅದು ಕರಗುವುದನ್ನು ಕಿವಿಯೇ ಹೇಳುತ್ತದೆ. ಕಂಪ್ಯೂಟರ್ ಇರುವ ಶಾಲೆಯಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಕಣ್ಣಿನಿಂದಲೂ ನೋಡಬಹುದು. ಆದರೆ ಸ್ಪೀಕರಿನ ಸಂಕೇತವನ್ನು ಎರಡು ರೆಸಿಸ್ಟರುಗಳಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿಯೇ ಕಂಪ್ಯೂಟರಿಗೆ ಕೊಡಬೇಕು.

ಫೀಡ್‌ಬ್ಯಾಕ್ ಇರುವಾಗ ಇಷ್ಟೆಲ್ಲ ಏಕೆ, ತಕ್ಕಡಿಯೇ ಎಲ್ಲವನ್ನೂ ಸರಿಪಡಿಸಲಾರದೇ ಎಂದು ಕೇಳಬಹುದು. ಅದು ದೋಷವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಎರಡೂ ಟ್ರಾನ್ಸಿಸ್ಟರುಗಳು ಮಲಗಿರುವ ಗಳಿಗೆಯಲ್ಲಿ ತಕ್ಕಡಿ ಎಷ್ಟು ವಾಲಿದರೂ ಆ ಕೂಗನ್ನು ಕೇಳುವವರಿಲ್ಲ. ಮೊದಲು ಕೆಲಸವನ್ನು ಸಾಧ್ಯವಾದಷ್ಟು ನೇರ್ಪಾಗಿ ಮಾಡಬೇಕು, ಆಮೇಲೆ ತಿದ್ದುಪಡಿ.

ಎರಡನೆಯದು ಶಾಖ. ಟ್ರಾನ್ಸಿಸ್ಟರ್ ಒಂದೊಂದು ಡಿಗ್ರಿ ಬಿಸಿಯಾದಂತೆಯೂ ಅದನ್ನು ಎಚ್ಚರಿಸಲು ಬೇಕಾದ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಆಗ ಕರೆಂಟ್ ಏರುತ್ತದೆ. ಏರಿದ್ದರಿಂದ ಇನ್ನಷ್ಟು ಬಿಸಿ. ಅದರಿಂದ ಇನ್ನಷ್ಟು ಕರೆಂಟ್. ತಡೆಯಿಲ್ಲದಿದ್ದರೆ ಕೊನೆಗೆ ಟ್ರಾನ್ಸಿಸ್ಟರ್ ಸುಡುತ್ತದೆ. ತಡೆ ಸರಳವಾಗಿದೆ. ಅರೆ ಎಚ್ಚರವನ್ನು ಗೊತ್ತುಮಾಡುವ ಸಣ್ಣ ಟ್ರಾನ್ಸಿಸ್ಟರನ್ನು ದೊಡ್ಡವು ಕುಳಿತಿರುವ ಅದೇ ಅಲ್ಯೂಮಿನಿಯಂ ಹೀಟ್‌ಸಿಂಕಿನ ಮೇಲೆ ಬಿಗಿಯಬೇಕು. ದೊಡ್ಡವು ಬಿಸಿಯಾದರೆ ಅದೂ ಬಿಸಿಯಾಗಿ ಕರೆಂಟನ್ನು ತಾನೇ ತಗ್ಗಿಸುತ್ತದೆ. ಪ್ರಿಸೆಟ್ಟನ್ನು ಅದರ ಬೇಸ್ ಮತ್ತು ಎಮಿಟರಿನ ನಡುವೆ ಇಡಿ. ಧೂಳಿನಿಂದ ಪ್ರಿಸೆಟ್ಟಿನ ಸಂಪರ್ಕ ತಪ್ಪಿದರೂ ಆಗ ಕರೆಂಟ್ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಟ್ರಾನ್ಸಿಸ್ಟರಿನ ಲೋಹದ ಮೈ ಹೀಟ್‌ಸಿಂಕಿಗೆ ತಾಗದಂತೆ ಮೈಕಾ ಹಾಳೆ ಹಾಕಿ, ತಾಗಿಲ್ಲವೆಂಬುದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳಿ. ಇಪ್ಪತ್ತು ನಿಮಿಷ ನಡೆಸಿದ ಮೇಲೆ ಆ 9 ಮಿಲಿವೋಲ್ಟನ್ನು ಮತ್ತೊಮ್ಮೆ ಅಳೆಯಿರಿ.

ಮೂರನೆಯದು ಗುಂಗಾಟ, ಅಂದರೆ ಹಮ್. ಇದರಲ್ಲಿ ಎರಡು ಜಾತಿ. ದಪ್ಪನೆಯ 50 ಹರ್ಟ್ಸಿನ ಗುಂಗು ಬಂದರೆ ಮೈಕಿನ ತಂತಿಯೋ ಟ್ರಾನ್ಸ್‌ಫಾರ್ಮರಿನ ಸಾಮೀಪ್ಯವೋ ಕಾರಣ. ಅದಕ್ಕಿಂತ ಒಂದು ಸ್ಥಾಯಿ ಮೇಲಿನ, ಕರಕರ ಬೆರೆತ 100 ಹರ್ಟ್ಸಿನ ಗುಂಗಾದರೆ ಡಯೋಡು ಕೆಪಾಸಿಟರುಗಳ ಕಡೆಯದು. ಎರಡನೆಯದಕ್ಕೆ ಹೆಚ್ಚಿನ ಸಲ ಕಾರಣ ಗ್ರೌಂಡ್ ತಂತಿಗಳನ್ನು ಸರಪಳಿಯಂತೆ ಒಂದರಿಂದ ಒಂದಕ್ಕೆ ಎಳೆದಿರುವುದು. ಎರಡು ಕೆಪಾಸಿಟರುಗಳು ಸೇರುವ ಜಾಗದಿಂದ ಒಂದು ಗಿಡ್ಡ ದಪ್ಪ ತಂತಿಯನ್ನು ತಂದು ಒಂದು ಬೋಲ್ಟಿಗೆ ಕಟ್ಟಿ. ಮೈಕಿನ ಗ್ರೌಂಡ್, ಸ್ಪೀಕರಿನ ಗ್ರೌಂಡ್, ಫೀಡ್‌ಬ್ಯಾಕಿನ ಗ್ರೌಂಡ್ ಎಲ್ಲವನ್ನೂ ಬೇರೆಬೇರೆಯಾಗಿ ಆ ಬೋಲ್ಟಿಗೆ ತನ್ನಿ. ಊರಿನ ದಾರಿಗಳೆಲ್ಲ ಅರಳಿಕಟ್ಟೆಗೆ ಬಂದು ಸೇರುವಂತೆ.

ನಾಲ್ಕನೆಯದು ಕಿವಿಗೆ ಕೇಳದ ಕಂಪನ. ಪೆಟ್ಟಿಗೆ ಮೌನವಾಗಿರುವಾಗಲೂ ಹೀಟ್‌ಸಿಂಕ್ ಬಿಸಿಯಾದರೆ, ಹೊರದಾರಿಯಲ್ಲಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರಿನೊಡನೆ ಇರುವ 10 ಓಮಿನ ರೆಸಿಸ್ಟರ್ ಮುಟ್ಟಲಾರದಷ್ಟು ಸುಟ್ಟರೆ, ಒಳಗೆ ಲಕ್ಷಾಂತರ ಹರ್ಟ್ಸಿನ ಕಂಪನ ನಡೆದಿದೆಯೆಂದು ತಿಳಿಯಬೇಕು. ತಕ್ಕಡಿಗೆ ಸುದ್ದಿ ತಡವಾಗಿ ತಲುಪಿ, ಇಳಿಸಬೇಕಾದಾಗ ಏರಿಸುವುದೇ ಇದರ ಕಾರಣ. ಎರಡನೆಯ ಹಂತದ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಬೇಸಿನ ನಡುವೆ 100 ಪಿಕೊಫ್ಯಾರಡಿನ ಸಣ್ಣ ಕೆಪಾಸಿಟರ್ ಹಾಕಿ ಅದರ ವೇಗವನ್ನು ತಗ್ಗಿಸಿದರೆ ಸಮಾಧಾನವಾಗುತ್ತದೆ.

ಇಷ್ಟಾದ ಮೇಲೆ ಕೊನೆಯ ಪರೀಕ್ಷೆ ನಮ್ಮ ಸೀಮೆಯದೇ ಆಗಲಿ. ಮೂಡಲಪಾಯ ಯಕ್ಷಗಾನದ ಭಾಗವತರೊಬ್ಬರನ್ನು ಕರೆದು ಮೈಕಿನ ಮುಂದೆ ಕೂರಿಸಿ. ಮುಖವೀಣೆಯ ಚೂಪು ದನಿ, ಮದ್ದಳೆಯ ಪೆಟ್ಟು, ಅದರ ನಡುವೆ ಭಾಗವತರ ಮಾತು. ಮೂರೂ ಬೇರೆಬೇರೆಯಾಗಿ ಕೇಳಿಸಿದರೆ ನಿಮ್ಮ ಕೆಲಸ ಗೆದ್ದಿತು. ಇವರೆಲ್ಲ ಮೈಕಿಲ್ಲದೆ ಇಡೀ ರಾತ್ರಿ ಊರಿಗೆ ಕೇಳಿಸುತ್ತಿದ್ದವರ ವಂಶದವರು. ಪೆಟ್ಟಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಅವರಿಗಿಂತ ಅರ್ಹರಿಲ್ಲ.

ಕೊಳ್ಳುವುದು ಸುಲಭವಲ್ಲವೇ?

ಇಲ್ಲೊಂದು ನ್ಯಾಯವಾದ ಪ್ರಶ್ನೆಯಿದೆ. ಇಂದು ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಲಾಸ್-ಡಿ ಬೋರ್ಡುಗಳು ಅಗ್ಗವಾಗಿ ಸಿಗುತ್ತವೆ. ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಸ್ಪೀಕರಿಗೆ ಮುಟ್ಟಿಸುತ್ತವೆ. ನಮ್ಮ ಪೆಟ್ಟಿಗೆ ಪೂರ್ಣ ದನಿಯಲ್ಲಿಯೂ ಸುಮಾರು ಅರವತ್ತೇಳನ್ನಷ್ಟೇ ಮುಟ್ಟಿಸುತ್ತದೆ; ಉಳಿದದ್ದು ಹೀಟ್‌ಸಿಂಕಿನ ಪಾಲು. ಕರೆಂಟ್ ಇಲ್ಲದ ಗುಡ್ಡದ ಮೇಲೆ ಬ್ಯಾಟರಿಯಿಂದ ಸಭೆ ನಡೆಸಬೇಕಾದರೆ ಆ ಬೋರ್ಡೇ ಮೇಲು. ಅದನ್ನು ಒಪ್ಪಿಕೊಳ್ಳೋಣ. ಕರೆಂಟ್ ಇರುವಲ್ಲಿ ಆ ವ್ಯತ್ಯಾಸ ದೊಡ್ಡದಲ್ಲ. ಮೂರು ಗಂಟೆಯ ಸಭೆಗೆ ನಮ್ಮ ಪೆಟ್ಟಿಗೆ ಬಳಸುವುದು ಒಂದು ಯೂನಿಟ್ಟಿನ ಇಪ್ಪತ್ತನೆಯ ಒಂದು ಭಾಗದ ಆಸುಪಾಸು.

ಆದರೆ ಆ ಬೋರ್ಡ್ ಕೆಟ್ಟರೆ ಏನು? ಎಲ್ಲವೂ ಒಂದೇ ಚಿಪ್ಪಿನೊಳಗಿದೆ. ತಿಪ್ಪೆಗೆ ಎಸೆದು ಹೊಸದನ್ನು ತರಬೇಕು. ನಮ್ಮ ಪೆಟ್ಟಿಗೆಯಲ್ಲಿ ಕೆಟ್ಟದ್ದು ಒಂದು ಟ್ರಾನ್ಸಿಸ್ಟರಾದರೆ ಅದೊಂದನ್ನೇ ಬದಲಿಸಬಹುದು. ಇ-ತ್ಯಾಜ್ಯಕ್ಕೆಂದೇ ನಮ್ಮ ದೇಶದಲ್ಲಿ 2011ರಲ್ಲಿ ನಿಯಮಗಳು ಬಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ನಿಯಮಕ್ಕಿಂತ ಮೊದಲು ಕೆಲಸ ಮಾಡಬೇಕಾದದ್ದು ರಿಪೇರಿಯ ಅಭ್ಯಾಸ. ಹಳೆಯ ಸೆಟ್ಟುಗಳಿಂದ ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ತಗಡಿನ ಪೆಟ್ಟಿಗೆ, ತಿರುಪುಗಳನ್ನು ಧಾರಾಳವಾಗಿ ಬಳಸಿಕೊಳ್ಳಿ. ಹಳೆಯ ದೊಡ್ಡ ಕೆಪಾಸಿಟರುಗಳನ್ನು ಮಾತ್ರ ಬೇಡ. ಅವು ಒಳಗೇ ಒಣಗಿರುತ್ತವೆ. 2ಎನ್3055 ಹೆಸರಿನಲ್ಲಿ ನಕಲಿ ಮಾಲೂ ಪೇಟೆಯಲ್ಲಿ ಓಡಾಡುತ್ತದೆ. ನಂಬಿಕಸ್ಥ ಅಂಗಡಿಯಲ್ಲಿ ಕೊಳ್ಳಿ, ಬೆಲೆ ತೀರಾ ಅಗ್ಗವಾಗಿದ್ದರೆ ಅನುಮಾನಿಸಿ. ಬೆಸುಗೆಯ ತಂತಿಯಲ್ಲಿ ಸೀಸವಿರುವುದರಿಂದ ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಮುಗಿದ ಮೇಲೆ ಕೈತೊಳೆಯದೆ ಊಟಕ್ಕೆ ಕೂರಬೇಡಿ. ಉದುರಿದ ಬೆಸುಗೆಯ ಚೂರುಗಳನ್ನು ಗುಡಿಸಿ ತೋಟಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಕೂಡಿಡಿ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಐದಾರು ಜನ ಸೇರಿ ಒಂದು ಶಾಲೆಗೆ, ಒಂದು ಊರಿಗೆ, ಇಂಥ ಒಂದು ಪೆಟ್ಟಿಗೆ ಕಟ್ಟಿ. ನಕ್ಷೆಯನ್ನು ಮುಚ್ಚಳದ ಒಳಬದಿಗೆ ಅಂಟಿಸಿ. ಎಲ್ಲೆಲ್ಲಿ ಎಷ್ಟು ವೋಲ್ಟ್ ಇತ್ತೆಂದು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಬರೆದಿಡಿ. ಐದು ವರ್ಷದ ನಂತರ ರಿಪೇರಿ ಮಾಡುವ ಹುಡುಗನಿಗೋ ಹುಡುಗಿಗೋ ಅದೇ ದೊಡ್ಡ ಆಸ್ತಿ. ಹಿರಿಯರಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಗೆ ಬಾಡಿಗೆಯ ದೊಡ್ಡ ಸೆಟ್ಟಿನ ಬದಲು ಮಕ್ಕಳ ಈ ಪೆಟ್ಟಿಗೆಯನ್ನು ಇಟ್ಟು ನೋಡಿ. ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಯಾವ ಮಾತು ತಿಳಿಯಲಿಲ್ಲವೆಂದು ಗುರುತು ಹಾಕಿಕೊಳ್ಳಲು ಹೇಳಿ. ಆ ಚೀಟಿಯನ್ನು ಪೆಟ್ಟಿಗೆ ಕಟ್ಟಿದವರಿಗೆ ಕೊಡಿ. ತಿದ್ದುವ ಕೆಲಸ ಅಲ್ಲಿಂದ ಮುಂದುವರಿಯಲಿ.

ಚಹಾ ಆದ ನಂತರ ಪ್ಲಗ್ ಕಿತ್ತು, ಕೆಪಾಸಿಟರುಗಳನ್ನು ಬರಿದುಮಾಡಿ, ಮುಚ್ಚಳ ತೆಗೆದಿಡುತ್ತೇನೆ. ಮುಟ್ಟಿ ನೋಡಬೇಕೆನ್ನುವವರು ಹತ್ತಿರ ಬನ್ನಿ.